ಊಲ್ಕಾನ್ ಎಜೆಯ ಉಣ್ಣೆಮನೆಯನ್ನು ಮೂರು ದಿನಕ್ಕೆ ಹಿಂದಿರುಗಿಸಿ

ಮಾನ್ಯರೇ,

ತಾಶ್‌ಕೊರೊ ಪಟ್ಟಣದ ಪುರಾಧ್ಯಕ್ಷರ ಕುರ್ಚಿಯಲ್ಲಿ ಕುಳಿತಿರುವ ತಮಗೆ ಗಣಿ ಕಾಲೊನಿಯ ನಿವಾಸಿ ಜಿಪಾರ್ ಮಾಡುವ ದೂರು ಇಷ್ಟೇ: ಎರಡು ವರ್ಷದ ಹಿಂದೆ ಊರಿಗೆಲ್ಲ ಅಕ್ಕನಾದ ನಮ್ಮ ಊಲ್ಕಾನ್ ಎಜೆಯ ಉಣ್ಣೆಮನೆ, ಬಿಚ್ಚಿ ಕಟ್ಟುವ ಆ ಉಣ್ಣೆಯ ಗುಡಾರ, ಪಟ್ಟಣದ ಐವತ್ತನೆಯ ಹುಟ್ಟುಹಬ್ಬಕ್ಕೆ ಒಂದು ವಾರದ ಮಟ್ಟಿಗೆ ಬೇಕೆಂದು ತಮ್ಮ ಕಚೇರಿಯವರು ಕೇಳಿ ಒಯ್ದರು. ಆ ವಾರ ಇನ್ನೂ ಮುಗಿದಿಲ್ಲ, ಅದು ಈಗ ತಮ್ಮ ವಸ್ತುಸಂಗ್ರಹಾಲಯದಲ್ಲಿದೆ. ಈಗ ಎಜೆ ಸಾಯುತ್ತಿದ್ದಾಳೆ. ಈ ಊರಿನಲ್ಲಿ ಸತ್ತವರಿಗೆಲ್ಲ ಮಲಗಲು ಜಾಗ ಕೊಟ್ಟ ಹೆಂಗಸು ತಾನು ಎಲ್ಲಿ ಮಲಗಬೇಕೆಂದು ನನ್ನನ್ನು ಕೇಳುತ್ತಿದ್ದಾಳೆ. ಉತ್ತರ ಹೇಳಬೇಕಾದವರು ತಾವು. ಕೇಳಿಸಿಕೊಳ್ಳುತ್ತಿರುವವಳು ನಾನು.

ಇದನ್ನು ಪತ್ರಿಕೆಗೆ ಕೊಡುವಾಗಲೂ ನನಗೆ ಹೆದರಿಕೆ. ನನ್ನ ಅಳಿಯ ಪುರಸಭೆಯ ನೀರಿನ ವಿಭಾಗದಲ್ಲಿ ಇದ್ದಾನೆ. ನಾಳೆ ಅವನನ್ನು ಕೆಲಸದಿಂದ ತೆಗೆದರೆ? ಚಳಿಗಾಲಕ್ಕೆ ಕಲ್ಲಿದ್ದಲಿನ ರಿಯಾಯಿತಿ ಪಟ್ಟಿಯಿಂದ ನನ್ನ ಹೆಸರು ತಾನಾಗಿಯೇ ಜಾರಿ ಬಿದ್ದರೆ? ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಎಲ್ಲಿ ಮಾತು ಹೆಚ್ಚಾಯಿತು ಎಲ್ಲಿ ಕಡಿಮೆಯಾಯಿತು ಎನ್ನುವ ಅಳತೆ ಕೈಗೆ ಹತ್ತಲಿಲ್ಲ. ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ಎಜೆ ಉಸಿರಾಡುತ್ತಿದ್ದಾಳೋ ನೋಡುತ್ತೇನೆ, ಒಲೆಯ ಕೊಳವೆ ಹೊಗೆ ಕಟ್ಟಿಕೊಂಡಿತೋ ಎಂದು ಮೂಸುತ್ತೇನೆ, ಬಂದು ಹಿಂದಿನ ಸಾಲು ಹೊಡೆದು ಹಾಕುತ್ತೇನೆ. ಹಾಗಾಗಿ ಈ ಪತ್ರದಲ್ಲಿ ಒರಟುತನ ಕಂಡರೆ ಅದು ಹೊಡೆದು ಹಾಕಿದ ಮೇಲೂ ಉಳಿದದ್ದೆಂದು ತಿಳಿಯಿರಿ.

ಹುಟ್ಟುಹಬ್ಬಕ್ಕೆ ತಾವು ಹೊರತಂದ ಪಟ್ಟಣದ ಚರಿತ್ರೆಯ ಪುಸ್ತಕ ಬಹಳ ಚೆನ್ನಾಗಿದೆ. ಕಾಗದ ಎಷ್ಟು ನುಣುಪೆಂದರೆ ಬೆರಳೇ ನಿಲ್ಲುವುದಿಲ್ಲ. ಅದರಲ್ಲಿ ‘ನಮ್ಮ ಉದ್ಯಮಿಗಳು’ ಎಂಬ ಅಧ್ಯಾಯವಿದೆ. ಪೆಟ್ರೋಲ್ ಬಂಕ್ ಇಟ್ಟವರಿದ್ದಾರೆ, ಹೋಟೆಲ್ ಇಟ್ಟವರಿದ್ದಾರೆ, ಗಣಿಯ ಕಬ್ಬಿಣ ಬಿಚ್ಚಿ ಗಡಿ ದಾಟಿಸಿದವರೂ ಇದ್ದಾರೆ, ಎಲ್ಲರೂ ಟೈ ಕಟ್ಟಿಕೊಂಡ ಗಂಡಸರು. ಗಣಿ ಮುಚ್ಚಿ ಊರಿಗೆ ಊರೇ ಕೈಕಟ್ಟಿ ಕುಳಿತಿದ್ದಾಗ ಇಲ್ಲಿ ಮೊಟ್ಟಮೊದಲು ಸ್ವಂತ ವ್ಯಾಪಾರ ತೆರೆದವಳು, ಇಪ್ಪತ್ತು ಹೆಂಗಸರ ಮನೆಯ ಒಲೆ ಉರಿಸಿದವಳು ಮಾತ್ರ ಇಲ್ಲ. ಇಲ್ಲ ಎಂದರೆ ತಪ್ಪಾದೀತು. ಕೊನೆಯ ಪುಟಗಳಲ್ಲಿ ಅವಳ ಉಣ್ಣೆಮನೆಯ ಬಣ್ಣದ ಚಿತ್ರವಿದೆ. ಕೆಳಗೆ ಬರೆದಿದೆ: ‘ಅಜ್ಞಾತ ಕುಶಲಕರ್ಮಿಯ ಮದುವೆಯ ಉಣ್ಣೆಮನೆ.’ ಮಾನ್ಯರೇ, ಆ ಅಜ್ಞಾತ ಕುಶಲಕರ್ಮಿ ತಮ್ಮ ಕಚೇರಿಯ ಕಿಟಕಿಯಿಂದ ಕಾಣುವ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಇದ್ದಾಳೆ. ಹೆಸರು ಕೇಳಿದ್ದರೆ ಹೇಳುತ್ತಿದ್ದಳು, ಚಹಾನೂ ಕೊಡುತ್ತಿದ್ದಳು.

ಮದುವೆಯ ಉಣ್ಣೆಮನೆಯಂತೆ! ಅದು ಹೇಗೆ ಹುಟ್ಟಿತೆಂದು ನಾನು ಹೇಳಬೇಕು, ಏಕೆಂದರೆ ಅದು ನನ್ನ ಅಪ್ಪ ಸತ್ತದ್ದರಿಂದ ಹುಟ್ಟಿತು.

ನಮ್ಮದು ಗಣಿಗಾಗಿ ಕಟ್ಟಿದ ಊರು. ಬೆಟ್ಟದ ಮೇಲಿನ ಹಳ್ಳಿಗಳಿಂದ ಬಂದವರಿಗೆ ಸಿಮೆಂಟಿನ ಗೂಡು, ಕೊಳವೆಯಲ್ಲಿ ಬಿಸಿನೀರು, ಇನ್ನೇನು ಬೇಕು? ಬದುಕಿದ್ದಾಗ ಇರುವುದಕ್ಕೂ ಸತ್ತ ಮೇಲೆ ಮಣ್ಣಾಗುವ ತನಕ ಮೂರು ದಿನ ಮಲಗುವುದಕ್ಕೂ ಇದ್ದ ಉಣ್ಣೆಮನೆಗಳನ್ನು ಹಿರಿಯರು ಹಳ್ಳಿಯಲ್ಲೇ ಬಿಟ್ಟು ಬಂದರು. ಹುಟ್ಟುವುದಕ್ಕೆ ಆಸ್ಪತ್ರೆ ಕಟ್ಟಿದರು, ಓದುವುದಕ್ಕೆ ಶಾಲೆ ಕಟ್ಟಿದರು. ಸತ್ತವರು ಎಲ್ಲಿ ಮಲಗಬೇಕೆಂದು ಯಾವ ನಕ್ಷೆಯಲ್ಲೂ ಯಾರೂ ಬರೆಯಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಗಣಿ ಮುಚ್ಚಿ ಮೊದಲ ಚಳಿಗಾಲ. ಲಾರಿಗಳಿಗೆ ಡೀಸೆಲ್ ಇಲ್ಲ, ಹಳ್ಳಿಯಿಂದ ಉಣ್ಣೆಮನೆ ತರಿಸುವಂತಿಲ್ಲ. ಅಪ್ಪನನ್ನು ಎರಡನೆಯ ಮಹಡಿಯ ನಮ್ಮ ಊಟದ ಕೋಣೆಯಲ್ಲಿ ಮಲಗಿಸಿದೆವು, ಬೀರುವಿಗೂ ಗೋಡೆಗೂ ನಡುವೆ. ಅಮ್ಮ, ಅತ್ತೆಯರು ಗೋಡೆಗೆ ಮುಖಮಾಡಿ ಕುಳಿತು ಹಾಡಿ ಅಳಬೇಕಲ್ಲ, ಗೋಡೆಯ ಮೇಲೆ ಟಿವಿ ಇತ್ತು. ಟಿವಿಗೆ ಮುಖಮಾಡಿ ಅತ್ತರು. ಅಳುತ್ತ ಬರುವ ಗಂಡಸರು ಉಣ್ಣೆಮನೆಯ ಹೊರಗೆ ಕೋಲೂರಿ ನಿಂತ, ಸತ್ತವರ ಗಂಡುಮಕ್ಕಳನ್ನು ತಬ್ಬಿಕೊಳ್ಳಬೇಕು. ನನ್ನ ಅಣ್ಣ ಮೆಟ್ಟಿಲ ತಿರುವಿನಲ್ಲಿ, ಕಸದ ಡಬ್ಬಿಯ ಪಕ್ಕ ಕೋಲೂರಿ ನಿಂತ. ಕೆಳಗಿನಿಂದ ‘ಅಯ್ಯೋ ನನ್ನ ಕರುಳೇ’ ಎಂದು ಕೂಗುತ್ತ ಹತ್ತಿ ಬಂದ ನಮ್ಮ ದೊಡ್ಡಪ್ಪ ಒಂದೇ ಬಗೆಯ ಬಾಗಿಲುಗಳನ್ನು ಕಂಡು ಗಲಿಬಿಲಿಗೊಂಡು, ಬೇರೆ ಯಾರದೋ ಮನೆಗೆ ನುಗ್ಗಿ, ಊಟಕ್ಕೆ ಕುಳಿತಿದ್ದವರ ಮುಂದೆ ಅತ್ತ. ಈಗ ಹೇಳಿದರೆ ಜನ ನಗುತ್ತಾರೆ. ಅಂದು ಅಮ್ಮ ನಗಲಿಲ್ಲ. ಅಪ್ಪನನ್ನು ಕೆಳಗಿಳಿಸುವಾಗ ಚಟ್ಟ ತಿರುವಿನಲ್ಲಿ ತಿರುಗಲಿಲ್ಲ. ನೆಟ್ಟಗೆ ನಿಲ್ಲಿಸಿ, ಬೀರು ಇಳಿಸಿದ ಹಾಗೆ ಇಳಿಸಿದರು.

ಊಲ್ಕಾನ್ ಎಜೆ ಆಗ ಗಣಿಯ ಕ್ಯಾಂಟೀನಿನ ಮುಖ್ಯಸ್ಥೆಯಾಗಿದ್ದು ಕೆಲಸ ಕಳೆದುಕೊಂಡವಳು, ಗಂಡ ಬಿಟ್ಟುಹೋದವಳು, ಮಕ್ಕಳಿಲ್ಲದವಳು. ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲ ನೋಡಿದಳು. ಏಳನೆಯ ದಿನದ ರೊಟ್ಟಿ ಕರಿಯಲು ಬಂದವಳು ಬಾಣಲೆಯ ಮುಂದೆಯೇ ಅಮ್ಮನಿಗೆ ಹೇಳಿದಳು:

“ಕುರಿ ಫಾರಮ್ಮಿನವರು ಬಾಕಿ ಸಂಬಳಕ್ಕೆ ದುಡ್ಡಿಲ್ಲ, ಉಣ್ಣೆ ತಗೊಂಡು ಹೋಗಿ ಅಂತಿದಾರೆ. ಯಾರಿಗೂ ಬೇಡವಂತೆ. ನಾನು ತಗೊಳ್ತೀನಿ.”

“ತಗೊಂಡು ಏನ್ ಮಾಡ್ತೀಯೇ? ತಿಂತೀಯ?”

“ಮನೆ ಕಟ್ತೀನಿ. ಬಾಡಿಗೆಗೆ.”

“ಯಾರಿಗೆ ಬಾಡಿಗೆ?”

“ಸತ್ತೋರಿಗೆ. ಅವರೇ ನೋಡು ಜಗಳ ಮಾಡದ ಬಾಡಿಗೆದಾರರು.”

ಅಮ್ಮ ಅಂದು ಮೊದಲ ಬಾರಿ ನಕ್ಕಳು. ಆಮೇಲೆ ನಕ್ಕದ್ದಕ್ಕೆ ಅತ್ತಳು.

ನಾನು ಶಾಲೆ ಬಿಟ್ಟು ಅವಳ ಜೊತೆ ಸೇರಿದೆ. ಮುಚ್ಚಿದ ಕ್ಯಾಂಟೀನಿನ ಹಿತ್ತಲಲ್ಲಿ ಉಣ್ಣೆ ಬಡಿದೆವು, ಚಾಪೆಯ ಮೇಲೆ ಹರಡಿ ಕುದಿನೀರು ಸುರಿದೆವು, ಸುರುಳಿ ಸುತ್ತಿ ಹಗ್ಗ ಕಟ್ಟಿ ಎಳೆದೆವು, ತುಳಿದೆವು. ಬಿಳಿ ಉಣ್ಣೆಯನ್ನು ಫಾರಮ್ಮಿನ ಅಧಿಕಾರಿಗಳು ಮೊದಲೇ ಎತ್ತಿಕೊಂಡಿದ್ದರು. ನಮಗೆ ಸಿಕ್ಕಿದ್ದು ಬೂದು, ಕಂದು, ಮುಳ್ಳು ಸಿಕ್ಕಿಕೊಂಡದ್ದು. ಮೇಲಿನ ಹಳ್ಳಿಯ ಮುದುಕನೊಬ್ಬ ಮರದ ಜಾಲರಿ ಹೆಣೆದುಕೊಟ್ಟ. ವಸಂತಕ್ಕೆ ಉಣ್ಣೆಮನೆ ನಿಂತಿತು, ಕಟ್ಟಡಗಳ ನಡುವಿನ ಮಕ್ಕಳ ಉಯ್ಯಾಲೆಯ ಪಕ್ಕದಲ್ಲಿ.

ಊರು ಏನೆಂದಿತು ಗೊತ್ತೆ? ನಮ್ಮಲ್ಲಿ ಸಾವಿನ ಮನೆಗೆ ಉಣ್ಣೆಮನೆ ಕೊಡುವುದು ನೆಂಟರ ಧರ್ಮ. ಅದಕ್ಕೆ ಬಾಡಿಗೆ ಕೇಳಿದವರನ್ನು ಯಾರೂ ಕಂಡಿರಲಿಲ್ಲ. ‘ಹೆಣದ ಸಾಹುಕಾರ್ತಿ’ ಎಂದು ಹೆಸರಿಟ್ಟರು. ಬಜಾರಿನಲ್ಲಿ ಮಾಂಸದ ಅಂಗಡಿಯವನು ಎಲ್ಲರ ಎದುರಿಗೆ ಕೇಳಿದ:

“ಏನ್ ಊಲ್ಕಾನ್, ಈ ವಾರ ವ್ಯಾಪಾರ ಹೆಂಗೆ? ಯಾರಾದ್ರೂ ಕೆಮ್ತಿದ್ರೆ ಹೇಳ್ಲಾ?”

“ನೀನೇ ಕೆಮ್ಮು ಅಣ್ಣಯ್ಯ, ನಿಂಗೆ ಅರ್ಧ ಬಾಡಿಗೆ,” ಎಂದಳು ಎಜೆ. “ತೂಕದಲ್ಲಿ ಹೊಡೆದಿದ್ದನ್ನೆಲ್ಲ ಸೇರಿಸಿದ್ರೆ ನೀನೇ ನಂಗೆ ಇನ್ನೂ ಕೊಡಬೇಕಾಗುತ್ತೋ ಏನೋ.”

ಅವನು ಸತ್ತಾಗ ಅವನ ಹೆಂಡತಿ ಮೊದಲು ಓಡಿಬಂದದ್ದು ಎಜೆಯ ಬಾಗಿಲಿಗೆ. ನಲವತ್ತನೆಯ ದಿನ ಕಳೆಯುವ ತನಕ ಬಾಡಿಗೆಯ ಮಾತನ್ನು ಎಜೆ ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಇಲ್ಲದವರ ಹತ್ತಿರ ಆಮೇಲೂ ಎತ್ತುತ್ತಿರಲಿಲ್ಲ. ಇದ್ದವರು ಕೊಟ್ಟದ್ದರಲ್ಲಿ ಎರಡನೆಯದು, ಮೂರನೆಯದು ಕಟ್ಟಿದಳು, ಹಂಡೆ ಕೊಂಡಳು, ಹಾಸಿಗೆ ಹೊಲಿಸಿದಳು, ನಮ್ಮಂಥ ಹೆಂಗಸರಿಗೆ ಸಂಬಳ ಕೊಟ್ಟಳು. ಮದುವೆಗೆಂದು ಬಿಳಿಯದನ್ನು ಬೇರೆಯೇ ಮಾಡಿಸಿದಳು. ಒಂದು ನಿಯಮ ಮಾತ್ರ ಅವಳು ಮುರಿದದ್ದಿಲ್ಲ. ಬೂದು ಬಣ್ಣದ ಆ ಮೊದಲನೆಯದು ಮದುವೆಗೆ ಹೋಗಕೂಡದು. ಒಮ್ಮೆ ಹೋಟೆಲಿನ ಸಾಹುಕಾರರು (ತಮ್ಮ ಪುಸ್ತಕದಲ್ಲಿ ಟೈ ಕಟ್ಟಿಕೊಂಡು ನಿಂತವರು) ಮಗನ ಮದುವೆಗೆ ಅದೇ ಬೇಕು, ಹಳೆಯ ಕಾಲದ್ದಾಗಿ ಕಾಣುತ್ತದೆ, ಎಷ್ಟಾದರೂ ಕೊಡುತ್ತೇನೆ ಎಂದು ಬಂದರು.

“ನಿಮ್ಮ ಮಗನ ಹೆಂಡ್ತಿ ಕೂರೋ ಜಾಗದಲ್ಲಿ ಯಾರ್ಯಾರು ಮಲಗಿದ್ರು ಅಂತ ಆ ಹುಡುಗಿಗೆ ಹೇಳ್ತೀರಾ?” ಎಜೆ ಕೇಳಿದಳು.

“ಅವಳಿಗೇನ್ ಗೊತ್ತಾಗುತ್ತೆ!”

“ಅವಳಿಗೆ ಗೊತ್ತಾಗಲ್ಲ. ಮಲಗಿದ್ದೋರಿಗೆ ಗೊತ್ತಾಗುತ್ತಲ್ಲ.”

ಸಾಹುಕಾರರು ಬಿಳಿಯದನ್ನೇ ಒಯ್ದರು.

ಮಾನ್ಯರೇ, ಇನ್ನು ಬರೆಯುವುದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಕೈ ತಡೆಯಿತು. ತಮ್ಮ ತಂದೆಯವರು ಮಲಗಿದ್ದೂ ಅದರಲ್ಲೇ. ಆಗ ತಾವು ಈ ಕುರ್ಚಿಯಲ್ಲಿರಲಿಲ್ಲ, ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದಿರಿ. ತಾವು ಕೋಲೂರಿ ಉಣ್ಣೆಮನೆಯ ಬಲಕ್ಕೆ ನಿಂತು, ಕೂಗಿ ಕೂಗಿ ಅತ್ತದ್ದನ್ನು ಸಮಾವರಿನ ಹತ್ತಿರ ನೀರು ಕಾಯಿಸುತ್ತಿದ್ದ ನಾನು ಕಂಡಿದ್ದೇನೆ. ಎಜೆ ತಮ್ಮ ಹೆಗಲ ಮೇಲೆ ಕೋಟು ಹೊದಿಸಿದಳು. ತಮ್ಮ ತಾಯಿಯವರು ಒಳಗೆ ಜಾಲರಿಗೆ ಹಣೆ ಒತ್ತಿ ಹಾಡಿ ಅಳುತ್ತಿದ್ದರು. ಆ ಜಾಲರಿಯನ್ನು ತಾವು ಈಗ ಹತ್ತಿರದಿಂದ ನೋಡಿದ್ದೀರಾ? ಕುಳಿತ ಹೆಂಗಸಿನ ಹಣೆಯ ಎತ್ತರಕ್ಕೆ ಮರ ನುಣುಪಾಗಿ ಮಿರುಗುತ್ತದೆ. ತಮ್ಮ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಅದನ್ನು ಪ್ರವಾಸಿಗರಿಗೆ ‘ವಿಶೇಷ ಮೆರುಗೆಣ್ಣೆ’ ಎಂದು ವಿವರಿಸುವುದನ್ನು ನನ್ನ ಕಿವಿಯಾರೆ ಕೇಳಿದೆ.

ವಯಸ್ಸಾಗಿ ಕೈಲಾಗದಾದಾಗ ಎಜೆ ಉಳಿದ ಉಣ್ಣೆಮನೆಗಳನ್ನು ಸರೋವರದ ಬಳಿಯ ಪ್ರವಾಸಿ ಶಿಬಿರದವರಿಗೆ ಮಾರಿದಳು. ಮೊದಲನೆಯದನ್ನು ಇಟ್ಟುಕೊಂಡಳು. “ಇದು ನಂದು. ಇದರಲ್ಲಿ ಕೊನೆಗೆ ನಾನು. ಆಮೇಲೆ ನೀನು ನೋಡ್ಕೋ,” ಎಂದು ನನಗೆ ಹೇಳಿದ್ದಳು. ತಮ್ಮ ಕಚೇರಿಯವರು ಬಂದಾಗ ಅವಳು ಚೀಟಿ ಗೀಟಿ ಏನೂ ಕೇಳಲಿಲ್ಲ. ಉಣ್ಣೆಮನೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅವಳಿಗೆ ಅಭ್ಯಾಸವಿಲ್ಲ. “ಹಬ್ಬಕ್ಕೆ ಅಂತೀರಲ್ಲ, ಇದು ಹಬ್ಬದ್ದಲ್ಲಪ್ಪ,” ಎಂದು ಒಂದು ಮಾತು ಹೇಳಿದಳು. “ಬರೀ ನೋಡೋಕೆ ಎಜೆ, ಒಂದೇ ವಾರ,” ಎಂದರು.

ಆಮೇಲೆ ನಡೆದದ್ದನ್ನು ಕೆಟ್ಟತನವೆಂದು ನಾನು ಹೇಳುವುದಿಲ್ಲ. ರಾಜಧಾನಿಯಿಂದ ಅತಿಥಿಗಳು ಬರುವವರಿದ್ದರು. ಹಬ್ಬದ ದಿನ ಸಾವಿನ ಮಾತು ಬಾಯಿಗೆ ಬರಬಾರದು, ಅದು ನಮ್ಮವರೆಲ್ಲರ ನಡವಳಿಕೆ. ಹಾಗಾಗಿ ತಾವು ಮರ್ಯಾದಸ್ಥರಂತೆ ಬೂದು ಉಣ್ಣೆಯ ಮೇಲೆ ಬಿಳಿ ಬಟ್ಟೆ ಹೊದಿಸಿದಿರಿ, ಕೆಂಪು ಕುಚ್ಚು ಕಟ್ಟಿದಿರಿ. ಸತ್ತವರನ್ನು ಮರೆಮಾಡುವ ತೆರೆ ಕಟ್ಟುವ ಕೊಂಡಿಗಳು ಅಲ್ಲೇ ಇದ್ದವು, ಮದುವಣಗಿತ್ತಿ ಕೂರುವ ತೆರೆಯನ್ನು ಅದೇ ಕೊಂಡಿಗಳಿಗೆ ಕಟ್ಟಿದಿರಿ. ಅದನ್ನೂ ಬಾಗಿಲ ಬೆಳಕು ಬೀಳಲೆಂದು ಎಡಕ್ಕೆ, ಗಂಡಸರನ್ನು ಮಲಗಿಸುವ ಕಡೆಗೆ. ಈಗ ಊರಿನ ಮದುವೆ ಮೆರವಣಿಗೆಯೆಲ್ಲ ಕಾರುಗಳ ಹಾರನ್ ಒತ್ತುತ್ತ ಅಲ್ಲಿಗೆ ಬರುತ್ತದೆ, ಟಿಕೆಟ್ ಕೊಳ್ಳುತ್ತದೆ, ಪಟ ತೆಗೆಸಿಕೊಳ್ಳುತ್ತದೆ. ಹಳಬರು ಬಾಗಿಲಲ್ಲೇ ನಿಂತುಬಿಡುತ್ತಾರೆ, ಕೋಟಿನ ಗುಂಡಿ ತಿರುಗಿಸುತ್ತ. ಯಾರೂ ಹೇಳುವುದಿಲ್ಲ. ಹೇಳಿದರೆ ಮದುವೆಯ ದಿನ ಅಪಶಕುನ ನುಡಿದಂತೆ. ಹೀಗೆ ಮರ್ಯಾದೆಯಿಂದಲೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದೇವೆ. ಹೋದ ಶರತ್ಕಾಲದಲ್ಲಿ ತಮ್ಮ ಮಗಳೂ ಆ ತೆರೆಯ ಹಿಂದೆ ಕುಳಿತು ನಕ್ಕಳು. ಪಟವನ್ನು ಪಟ್ಟಣದ ಕ್ಯಾಲೆಂಡರಿಗೆ ಹಾಕಿದ್ದೀರಿ. ಹುಡುಗಿ ಚಂದ, ದೇವರು ಚೆನ್ನಾಗಿಟ್ಟಿರಲಿ. ಅವಳು ಕುಳಿತದ್ದು ಅವಳ ಅಜ್ಜ ಮಲಗಿದ್ದ ಕಡೆ. ಇದನ್ನು ಚುಚ್ಚಲು ಬರೆದೆನೆಂದು ತಿಳಿಯಬೇಡಿ. ಆ ಕ್ಯಾಲೆಂಡರ್ ನೋಡುವಾಗೆಲ್ಲ ತಮಗೂ ಎದೆ ಚುಳ್ಳೆನ್ನುತ್ತದೆಂದು ನನಗೆ ಅನುಮಾನ. ಅನ್ನದಿದ್ದರೆ ಈ ಪತ್ರ ಯಾರಿಗೆ ಬರೆಯಲಿ?

ಆಗಲೇ ಯಾಕೆ ಕೇಳಲಿಲ್ಲ ಎನ್ನುತ್ತೀರಿ. ನಾನು ಕುಣಿದಾಡಿದೆ, ಹೋಗಿ ಕಿತ್ತುಕೊಂಡು ಬರೋಣ ಎಂದೆ. ಎಜೆಯೇ ತಡೆದಳು.

“ಬಿಡೇ ಜಿಪಾರ್. ಅಷ್ಟು ವರ್ಷ ಅಳು ಕೇಳಿ ಕೇಳಿ ಅದಕ್ಕೂ ಸಾಕಾಗಿರುತ್ತೆ. ನಾಕು ದಿನ ನಗು ಕೇಳ್ಲಿ.”

“ಮತ್ತೆ ನಿನ್ನ ನಿಯಮ?”

“ನಿಯಮ ಮಾಡಿದ್ದು ನಾನು. ಸಡಿಲ ಮಾಡೋದೂ ನಾನೇ. ನೀನ್ಯಾಕೆ ಮುಖ ಊದಿಸ್ಕೊಂಡಿದೀಯ, ರೊಟ್ಟಿ ಹಿಟ್ಟಿನ ಥರ.”

ಆಗ ಅವಳು ನಡೆದಾಡುತ್ತಿದ್ದಳು. ಸಾವು ಬೇರೆಯವರ ಮನೆಯ ವ್ಯವಹಾರವಾಗಿದ್ದಾಗ ಹೇಳಿದ ಮಾತು ಅದು. ಈ ವಸಂತದಲ್ಲಿ ಹೊಟ್ಟೆಯ ಗಂಟು ಕಾಣಿಸಿಕೊಂಡಿತು. ವೈದ್ಯರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕರೆದುಕೊಂಡು ಬಂದು ನೋಡಿಕೊಳ್ಳುತ್ತಿರುವವಳು ನಾನೇ. ಈಗ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕೇಳುತ್ತಾಳೆ:

“ತಂದ್ರಾ?”

“ಏನ್ ಎಜೆ?”

“ಮನೆ ಕಣೆ. ನಾನು ಎಲ್ಲಿ ಮಲಗ್ಲಿ? ನಿಮ್ಮಪ್ಪನ ಥರ ನನ್ನೂ ನಿಲ್ಲಿಸ್ಕೊಂಡು ಇಳಿಸ್ತೀರೇನು?”

ನಗುತ್ತಲೇ ಕೇಳುತ್ತಾಳೆ. ಆದರೆ ನನ್ನ ಮಣಿಕಟ್ಟು ಹಿಡಿದುಕೊಂಡಿರುತ್ತಾಳೆ, ಬಿಡುವುದಿಲ್ಲ. ನಿದ್ದೆ ಹತ್ತಿದ ಮೇಲೆ ನಾನೇ ಬೆರಳು ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಸಂಸ್ಕೃತಿ ವಿಭಾಗದ ಯುವಕ ಬಹಳ ವಿನಯವಂತ, ಎದ್ದು ನಿಂತು ಕುರ್ಚಿ ಕೊಟ್ಟ.

“ಜಿಪಾರ್ ಎಜೆ, ವಸ್ತುಸಂಗ್ರಹಾಲಯದ ಒಳಗೆ ಬಂದದ್ದು ಪರಂಪರೆ. ಅದು ಹೊರಗೆ ಹೋಗೋ ಹಾಗಿಲ್ಲ.”

“ಪರಂಪರೆ ಮಾಡಿದವಳೇ ಹೊರಗಿದಾಳಲ್ಲಪ್ಪ. ಅವಳನ್ನೇ ಒಳಗೆ ತಂದು ಮಲಗಿಸ್ಲಾ?”

ಅವನಿಗೆ ಪಾಪ ನಗಬೇಕೋ ಬೇಡವೋ ತಿಳಿಯಲಿಲ್ಲ. “ಜಿಲ್ಲಾ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತೆ. ಹೊಸ ಥರದ್ದು, ಕಬ್ಬಿಣದ ಕಂಬಿ, ಬೇಗ ನಿಲ್ಲಿಸಬಹುದು. ಖರ್ಚು ನಾವೇ ಕೊಡ್ತೀವಿ,” ಎಂದ. ಒಳ್ಳೆಯ ಹುಡುಗ. ತಾಶ್‌ಕೊರೊದ ಸತ್ತವರಿಗೆ ಮನೆ ಬಾಡಿಗೆಗೆ ಕೊಡುವುದನ್ನು ಕಲಿಸಿದವಳಿಗೆ ಸರ್ಕಾರದ ವೆಚ್ಚದಲ್ಲಿ ಒಂದು ಬಾಡಿಗೆ ಮನೆ! ಅದೇ ಹೊತ್ತಿಗೆ ಅವಳ ಸ್ವಂತದ್ದು ರಸ್ತೆಯಾಚೆ ದೀಪ ಹಾಕಿಕೊಂಡು, ಒಳಗೆ ಯಾರೂ ಇಲ್ಲದೆ ನಿಂತಿರುತ್ತದೆ. ಇದು ನ್ಯಾಯವೆಂದು ತಮಗೆ ತೋರುತ್ತದೆಯೇ? ಪರಂಪರೆ ಎಂದರೆ ಮುಟ್ಟಬಾರದ್ದು ಎಂದು ತಮಗೆ ಯಾರು ಹೇಳಿಕೊಟ್ಟರು? ಮುಟ್ಟಿ ಮುಟ್ಟಿಯೇ ಅಲ್ಲವೇ ಆ ಮರ ಮಿರುಗಿದ್ದು?

ಆದ್ದರಿಂದ ನನ್ನ ಬೇಡಿಕೆ. ಉಣ್ಣೆಮನೆಯನ್ನು ಪೂರ್ತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೇಳುವ ಹಕ್ಕು ಇದೆ, ಧೈರ್ಯ ಇಲ್ಲ. ಮೂರು ದಿನಕ್ಕೆ ಕೊಡಿ. ಸುದ್ದಿ ಬಂದ ಕೂಡಲೇ ಬಾಗಿಲು ತೆಗೆಸಿ, ಅಷ್ಟು ಸಾಕು. ಲಾರಿ ಬೇಡ, ಆಳು ಬೇಡ. ಅವಳ ಹತ್ತಿರ ದುಡಿದ ಹೆಂಗಸರು ಇನ್ನೂ ಇದ್ದೇವೆ, ಬಿಚ್ಚುವುದೂ ಕಟ್ಟುವುದೂ ನಮ್ಮ ಕೈಗೆ ಮರೆತಿಲ್ಲ. ಬಿಳಿ ಬಟ್ಟೆ, ಕೆಂಪು ಕುಚ್ಚುಗಳನ್ನು ಮಡಿಸಿ ಅಲ್ಲೇ ಇಟ್ಟು ಹೋಗುತ್ತೇವೆ. ಮಕ್ಕಳ ಉಯ್ಯಾಲೆಯ ಪಕ್ಕ, ಅದರ ಹಳೆಯ ಜಾಗದಲ್ಲೇ ನಿಲ್ಲಿಸುತ್ತೇವೆ. ಬಲಕ್ಕೆ, ಹೆಂಗಸರ ಕಡೆ, ಅವಳನ್ನು ಮಲಗಿಸುತ್ತೇವೆ. ಅವಳಿಗೆ ಕೋಲೂರಿ ನಿಲ್ಲಲು ಮಗನಿಲ್ಲ. ತಮಗೆ ಬಿಡುವಿದ್ದರೆ ಬಂದು ನಿಲ್ಲಿ, ಇಲ್ಲದಿದ್ದರೆ ಬೇಡ. ಮಣ್ಣಾದ ಮೇಲೆ ತಂದು ತಮ್ಮ ಜಾಗದಲ್ಲಿ ಮತ್ತೆ ಕಟ್ಟಿಕೊಡುತ್ತೇವೆ. ನಲವತ್ತು ದಿನ ಕಳೆಯುವ ತನಕ ಅಲ್ಲಿ ಯಾವ ಹುಡುಗಿಯನ್ನೂ ಪಟಕ್ಕೆ ಕೂರಿಸಬೇಡಿ. ‘ಅಜ್ಞಾತ’ ಎಂಬ ಪದ ತೆಗೆದು ಊಲ್ಕಾನ್, ಈ ಪಟ್ಟಣದ ಮೊದಲ ಉದ್ಯಮಿ, ಎಂದು ಬರೆಸಿ. ಬರೆಸಲು ತಡವಾದರೆ ಆಗಲಿ. ಬಾಗಿಲು ತೆಗೆಯುವುದು ತಡವಾಗುವಂತಿಲ್ಲ. ಅವಳಿಗೆ ಗಂಜಿಯೂ ಇಳಿಯುತ್ತಿಲ್ಲ.

ಇಂದು ಬೆಳಿಗ್ಗೆಯೂ ಅವಳು ಕೇಳಿದಳು. ಪತ್ರ ಅರ್ಧ ಬರೆದು ಮೇಜಿನ ಮೇಲಿತ್ತು.

“ಏನಂದ ಪುರಾಧ್ಯಕ್ಷ? ಆಟದ ಮೇಷ್ಟ್ರು?”

“ಕೊಡ್ತಾರಂತೆ ಎಜೆ. ಒಪ್ಪಿದಾರೆ.”

“ಒಪ್ದೇ ಇರ್ತಾನಾ! ಅವತ್ತು ಎಷ್ಟು ಅತ್ತಿದ್ದ ಅಂತೀಯ,” ಎಂದಳು. ನನ್ನ ಮಣಿಕಟ್ಟನ್ನು ತಾನಾಗಿಯೇ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಮಾನ್ಯರೇ, ತಾವು ಆಡದ ಮಾತನ್ನು ತಮ್ಮ ಬಾಯಲ್ಲಿ ಆಡಿಸಿಬಿಟ್ಟಿದ್ದೇನೆ. ಅವಳು ಅದನ್ನು ನಂಬಿದ್ದಾಳೆ. ಅದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ.

ಇಂತಿ,
ತಮ್ಮ ಪರವಾಗಿ ತಮ್ಮನ್ನು ಕೇಳದೆ ಮಾತು ಕೊಟ್ಟ,
ಅಳಿಯನ ನೌಕರಿಗಾಗಿ ಹೆದರುತ್ತಿರುವ,
ಉಣ್ಣೆ ತುಳಿಯುವ ಜಿಪಾರ್
ಗಣಿ ಕಾಲೊನಿ, ತಾಶ್‌ಕೊರೊ